ಜಾತಕದ ಲೆಕ್ಕ

ನಾಳೆ ಏನಾಗುವುದೆಂಬುದನ್ನು ಇಂದೇ ತಿಳಿಯಬೇಕೆಂಬ ಹಂಬಲ ಮನುಷ್ಯನಷ್ಟೇ ಹಳೆಯದು. ಬಿತ್ತಿದ ರೈತನಿಗೆ ಮಳೆಯ ಚಿಂತೆ. ಸರಕು ಕಳುಹಿಸಿದ ವರ್ತಕನಿಗೆ ಬೆಲೆಯ ಚಿಂತೆ. ಮಗಳನ್ನು ಸಾಕಿ ಬೆಳೆಸಿದ ತಂದೆತಾಯಿಗಳಿಗೆ ಅವಳು ಸೇರುವ ಮನೆಯ ಚಿಂತೆ. ಮುಂದಿನದು ಕಾಣದ ಕತ್ತಲೆಯಲ್ಲಿ ಒಬ್ಬನು ದೀಪ ಹಿಡಿದು ಬಂದರೆ ಜನರು ಅವನ ಸುತ್ತ ನೆರೆಯುವುದು ಸಹಜವೇ ಸರಿ. ಜ್ಯೋತಿಷಿಯ ಮನೆಯ ಜಗಲಿ ಎಂದೂ ಬರಿದಾಗದಿರುವುದಕ್ಕೆ ಈ ಚಿಂತೆಯೇ ಕಾರಣ. ಅದನ್ನು ಕಂಡು ಹಾಸ್ಯಮಾಡುವುದು ಸುಲಭ. ಆದರೆ ಹಾಸ್ಯದಿಂದ ಯಾವ ನಂಬಿಕೆಯೂ ಅಳಿದುದಿಲ್ಲ. ಆ ದೀಪದಲ್ಲಿ ಎಣ್ಣೆಯಿದೆಯೇ ಎಂದು ನೋಡುವುದೂ, ಎಣ್ಣೆಯಿಲ್ಲದಿದ್ದರೂ ಜನರು ಅದನ್ನು ದೀಪವೆಂದು ಏಕೆ ನಂಬುತ್ತಾರೆಂದು ವಿಚಾರಿಸುವುದೂ ಹಾಸ್ಯಕ್ಕಿಂತ ಹೆಚ್ಚು ಉಪಯುಕ್ತವಾದ ಕೆಲಸ.

ಜ್ಯೋತಿಷವೆಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ವಿದ್ಯೆಗಳು ಬಾಳುತ್ತಿವೆ. ಸೂರ್ಯ, ಚಂದ್ರ, ಗ್ರಹಗಳು ಯಾವಾಗ ಎಲ್ಲಿರುತ್ತವೆಂದು ಲೆಕ್ಕಹಾಕುವುದು ಒಂದು; ಅವು ಅಲ್ಲಿರುವುದರಿಂದ ಮನುಷ್ಯನಿಗೆ ಏನಾಗುವುದೆಂದು ಹೇಳುವುದು ಇನ್ನೊಂದು. ಮೊದಲನೆಯದು ಗಣಿತ, ಎರಡನೆಯದು ಫಲ. ಗಣಿತಭಾಗದಲ್ಲಿ ಭಾರತೀಯರ ಸಾಧನೆ ಹೆಮ್ಮೆಪಡುವಂತಹುದು. 476ರಲ್ಲಿ ಜನಿಸಿದ ಆರ್ಯಭಟನು ತನ್ನ ‘ಆರ್ಯಭಟೀಯ’ದಲ್ಲಿ ಭೂಮಿ ತನ್ನ ಸುತ್ತ ತಾನೇ ತಿರುಗುವುದೆಂದು ಹೇಳಿದನು, ಭೂಮಿಯ ನೆರಳು ಚಂದ್ರನ ಮೇಲೆ ಬಿದ್ದಾಗ ಚಂದ್ರಗ್ರಹಣವೂ, ಚಂದ್ರನು ಸೂರ್ಯನನ್ನು ಮರೆಮಾಡಿದಾಗ ಸೂರ್ಯಗ್ರಹಣವೂ ಆಗುವುದೆಂದು ವಿವರಿಸಿದನು. ಆ ಗ್ರಂಥದಲ್ಲಿ ಗಣಿತವಿದೆ, ಕಾಲಮಾನವಿದೆ, ಗೋಲದ ವಿಚಾರವಿದೆ; ಜಾತಕಫಲವಿಲ್ಲ. ಗ್ರಹಣಕ್ಕೆ ಕಾರಣವೆಂದು ಕಥೆಗಳು ಹೇಳುವ ರಾಹುಕೇತುಗಳು ಯಾವ ಆಕಾಶಕಾಯಗಳೂ ಅಲ್ಲ. ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳವು. ಆದರೂ ಜಾತಕದ ಕುಂಡಲಿಯಲ್ಲಿ ಅವುಗಳಿಗೆ ಗ್ರಹಗಳ ಸಾಲಿನಲ್ಲಿಯೇ ಆಸನ ದೊರೆತಿದೆ.

ಫಲಜ್ಯೋತಿಷಕ್ಕೆ ದೊರೆತಿರುವ ಗೌರವದ ಬಹುಭಾಗ ಗಣಿತಜ್ಯೋತಿಷದಿಂದ ಸಾಲ ತಂದುದು. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು. ಲೆಕ್ಕ ಹೇಳಿದ ಗಳಿಗೆಯಲ್ಲಿಯೇ ಅದು ಬಂದಿತು, ಲೆಕ್ಕ ಹೇಳಿದ ಗಳಿಗೆಯಲ್ಲಿಯೇ ಬಿಟ್ಟಿತು. ಅದನ್ನು ನೋಡಲು ವಿಜ್ಞಾನಿಗಳು ದೂರದೂರದಿಂದ ಬಂದಿದ್ದರೆ, ಊರಿನ ಜನರಲ್ಲಿ ಬಹುಮಂದಿ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ಪಂಚಾಂಗದಲ್ಲಿ ಬರೆದ ಗ್ರಹಣ ತಪ್ಪದೆ ಬರುವುದನ್ನು ಕಂಡ ಸಾಮಾನ್ಯನು ಅದೇ ಪುಸ್ತಕದಲ್ಲಿ ಬರೆದ ರಾಶಿಫಲವೂ ತಪ್ಪದೆಂದು ಭಾವಿಸುತ್ತಾನೆ. ಇದು ಒಳ್ಳೆಯ ವೈದ್ಯನ ಮನೆಯ ಪಕ್ಕದಲ್ಲಿದ್ದಾನೆಂಬ ಕಾರಣಕ್ಕಾಗಿ ನೆರೆಯವನಿಂದ ಔಷಧ ಕೊಂಡಂತೆ.

ಜಾತಕಶಾಸ್ತ್ರವು ವೇದಗಳಷ್ಟು ಹಳೆಯದು, ಎಂದೂ ಬದಲಾಗದುದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಚರಿತ್ರೆ ಬೇರೊಂದು ಸಂಗತಿಯನ್ನು ಹೇಳುತ್ತದೆ. ಯಜ್ಞಕಾಲವನ್ನು ಗೊತ್ತುಮಾಡಲು ರಚಿತವಾದ ವೇದಾಂಗಜ್ಯೋತಿಷದಲ್ಲಿ ನಕ್ಷತ್ರಗಳಿವೆ. ಮೇಷ ವೃಷಭಾದಿ ಹನ್ನೆರಡು ರಾಶಿಗಳಿಲ್ಲ. ಅವು ಬ್ಯಾಬಿಲೋನಿಯದಲ್ಲಿ ಹುಟ್ಟಿ ಗ್ರೀಕರ ಕೈಯಿಂದ ಇಲ್ಲಿಗೆ ಬಂದವು. ‘ಹೋರಾ’, ‘ಕೇಂದ್ರ’ ಎಂಬ ಜಾತಕದ ಮಾತುಗಳು ಗ್ರೀಕ್ ಮೂಲದವು. ಆರನೆಯ ಶತಮಾನದ ವರಾಹಮಿಹಿರನು ‘ಬೃಹಜ್ಜಾತಕ’ದಲ್ಲಿ ಮೇಷಕ್ಕೆ ಕ್ರಿಯವೆಂದೂ ವೃಷಭಕ್ಕೆ ತಾವುರಿಯೆಂದೂ ಗ್ರೀಕ್ ಹೆಸರುಗಳನ್ನೇ ಕೊಟ್ಟಿದ್ದಾನೆ, ಯವನರ ನೈಪುಣ್ಯವನ್ನು ಬೇರೊಂದೆಡೆ ಗೌರವದಿಂದ ನೆನೆದಿದ್ದಾನೆ. ಒಳ್ಳೆಯ ವಿಚಾರ ಎಲ್ಲಿಂದ ಬಂದರೂ ಸ್ವೀಕಾರಾರ್ಹವೇ. ಆದರೆ ಒಂದು ಕಾಲದಲ್ಲಿ ಕಲಿತುಕೊಂಡುದನ್ನು ಅನಾದಿಯೆಂದು ಕರೆದು ಪ್ರಶ್ನೆಯ ಬಾಯಿ ಮುಚ್ಚಿಸುವುದು ಸರಿಯಲ್ಲ.

ಕನ್ನಡ ನಾಡಿನಲ್ಲಿಯೂ ಈ ವಿಷಯದಲ್ಲಿ ಎರಡು ಧಾರೆಗಳು ಹರಿದು ಬಂದಿವೆ. ಹನ್ನೊಂದನೆಯ ಶತಮಾನದಲ್ಲಿ ಶ್ರೀಧರಾಚಾರ್ಯನು ‘ಜಾತಕತಿಲಕ’ವನ್ನು ಕನ್ನಡದಲ್ಲಿ ಬರೆದನು. ಅದಾದ ನೂರು ವರ್ಷಗಳ ಸುಮಾರಿನಲ್ಲಿ ಬಂದ ಶಿವಶರಣರು ತಿಥಿ, ವಾರ, ಲಗ್ನಗಳ ಭಯವನ್ನು ತಳ್ಳಿಹಾಕಿದರು. ಪ್ರಶ್ನೆ ಕೇಳುವುದೂ ಈ ನೆಲದ ಸಂಪ್ರದಾಯವೇ ಎಂಬುದನ್ನು ಮರೆಯಬಾರದು.

ಶಾಸ್ತ್ರದೊಳಗಿನ ಭಿನ್ನಾಭಿಪ್ರಾಯಗಳೂ ಗಮನಾರ್ಹವಾಗಿವೆ. ಮಕರ ಸಂಕ್ರಾಂತಿಯಂದು ಉತ್ತರಾಯಣ ಆರಂಭವಾಗುವುದೆಂದು ಹೇಳುವುದು ವಾಡಿಕೆ. ಸೂರ್ಯನು ದಕ್ಷಿಣದ ತುದಿಯಿಂದ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ರಂದು. ಭೂಮಿಯ ಅಕ್ಷವು ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ, ಒಂದು ಕಾಲದಲ್ಲಿ ಕೂಡಿದ್ದ ಎರಡು ದಿನಗಳು ಈಗ ಮೂರು ವಾರಗಳಿಗಿಂತ ಹೆಚ್ಚು ದೂರ ಸರಿದಿವೆ. ಇದೇ ಕಾರಣದಿಂದ ಪಾಶ್ಚಾತ್ಯ ಜ್ಯೋತಿಷಿಯ ಲೆಕ್ಕದಲ್ಲಿ ಮೇಷದಲ್ಲಿರುವ ಸೂರ್ಯನು ಭಾರತೀಯ ಜ್ಯೋತಿಷಿಯ ಲೆಕ್ಕದಲ್ಲಿ ಮೀನದಲ್ಲಿಯೇ ಇರಬಹುದು. ಇಬ್ಬರೂ ಫಲ ಹೇಳುತ್ತಾರೆ. ಇಬ್ಬರಿಗೂ ‘ಹೇಳಿದಂತೆಯೇ ಆಯಿತು’ ಎನ್ನುವ ಗಿರಾಕಿಗಳಿದ್ದಾರೆ. ಅಷ್ಟು ದೂರವೇಕೆ? ವಾಕ್ಯ ಪಂಚಾಂಗಕ್ಕೂ ದೃಕ್ ಪಂಚಾಂಗಕ್ಕೂ ಕೆಲವು ಗಳಿಗೆಗಳ ವ್ಯತ್ಯಾಸ ಬೀಳುವುದುಂಟು. ಹೀಗಾಗಿ ಒಂದು ಪಂಚಾಂಗದಂತೆ ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಮಗು ಇನ್ನೊಂದು ಪಂಚಾಂಗದಂತೆ ಪೂರ್ವಾಷಾಢದಲ್ಲಿ ಹುಟ್ಟಿರಲು ಸಾಧ್ಯ. ಮಗುವಿನ ಹಣೆಬರಹವು ಮನೆಯವರು ಕೊಂಡುತಂದ ಪಂಚಾಂಗವನ್ನು ಅವಲಂಬಿಸಿದಂತಾಯಿತು.

ಇಷ್ಟಾದರೂ ಜನರು ಏಕೆ ನಂಬುತ್ತಾರೆ? ಭವಿಷ್ಯವನ್ನು ಹೇಳುವ ಭಾಷೆಯೇ ಇದಕ್ಕೆ ಒಂದು ಕಾರಣ. ‘ಈ ವಾರ ಮಿಶ್ರಫಲ. ಖರ್ಚು ಹೆಚ್ಚು. ಬಂಧುಗಳಿಂದ ಕಿರಿಕಿರಿ, ಕೊನೆಯಲ್ಲಿ ನೆಮ್ಮದಿ’ ಎಂಬ ಮಾತು ಯಾರ ಬಾಳಿಗೆ ಅನ್ವಯಿಸುವುದಿಲ್ಲ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣ್ಮೆ ಇದರಲ್ಲಿದೆ. ಭಾರತದ ಜನಸಂಖ್ಯೆ 140 ಕೋಟಿಯನ್ನು ದಾಟಿದೆ. ಹನ್ನೆರಡು ರಾಶಿಗಳಿಗೆ ಹಂಚಿದರೆ ಒಂದೊಂದು ರಾಶಿಗೆ 11 ಕೋಟಿಗೂ ಮೀರಿ ಜನ ಬರುತ್ತಾರೆ. ಇಷ್ಟು ಮಂದಿಗೂ ಒಂದೇ ವಾರದಲ್ಲಿ ಒಂದೇ ಬಗೆಯ ಕಿರಿಕಿರಿಯೂ ಒಂದೇ ಬಗೆಯ ನೆಮ್ಮದಿಯೂ ಒದಗುವುದೆಂದು ಲೆಕ್ಕ ಬಲ್ಲವರು ಒಪ್ಪುವುದು ಕಷ್ಟ.

ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು 1948ರಲ್ಲಿ ತನ್ನ ತರಗತಿಯ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ನಡೆಸಿದನು. ಅವರವರ ಸ್ವಭಾವವನ್ನು ಪರಿಶೀಲಿಸಿ ಬರೆದುದೆಂದು ಹೇಳಿ ಪ್ರತಿಯೊಬ್ಬನಿಗೂ ಒಂದು ವರ್ಣನೆಯನ್ನು ಕೊಟ್ಟು, ಅದು ಎಷ್ಟು ನಿಜವೆಂದು ಐದಕ್ಕೆ ಅಂಕ ಹಾಕಲು ತಿಳಿಸಿದನು. ಸರಾಸರಿ 4.26 ಅಂಕಗಳು ಬಂದವು. ಆಮೇಲೆ ಗುಟ್ಟು ಹೊರಬಿದ್ದಿತು: ಎಲ್ಲರಿಗೂ ಕೊಟ್ಟಿದ್ದ ವರ್ಣನೆ ಒಂದೇ! ಅದರ ಬಹುಪಾಲು ವಾಕ್ಯಗಳನ್ನು ಅವನು ಅಂಗಡಿಯಲ್ಲಿ ಮಾರುವ ಒಂದು ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ್ದನು. ‘ಇದು ನನಗಾಗಿಯೇ ಹೇಳಿದ ಮಾತು’ ಎಂದು ತಿಳಿದೊಡನೆ ಮನಸ್ಸು ಆ ಮಾತಿಗೆ ಸರಿಯಾದ ಅನುಭವವನ್ನು ತಾನೇ ಹುಡುಕಿ ಜೋಡಿಸುತ್ತದೆ. ಜ್ಯೋತಿಷಿ ಅರ್ಧ ಹೇಳುತ್ತಾನೆ. ಉಳಿದರ್ಧವನ್ನು ಕೇಳುವವನೇ ತುಂಬುತ್ತಾನೆ.

ಎರಡನೆಯ ಕಾರಣ ಮನುಷ್ಯನ ನೆನಪಿನ ಪಕ್ಷಪಾತ. ಕಾಗೆ ಬಂದು ತಾಳೆಯ ಮರದ ಮೇಲೆ ಕುಳಿತಿತು. ಅದೇ ಹೊತ್ತಿಗೆ ಹಣ್ಣು ಉದುರಿತು. ನೋಡಿದವರು ಕಾಗೆಯ ಭಾರಕ್ಕೆ ಹಣ್ಣು ಬಿದ್ದಿತೆಂದರು. ಇದನ್ನು ಹಿರಿಯರು ಕಾಕತಾಳೀಯ ನ್ಯಾಯವೆಂದು ಕರೆದರು. ಹಣ್ಣು ಬೀಳದ ದಿನಗಳಲ್ಲಿಯೂ ಕಾಗೆ ಎಷ್ಟು ಸಲ ಕುಳಿತಿತ್ತು, ಕಾಗೆಯಿಲ್ಲದ ದಿನಗಳಲ್ಲಿಯೂ ಎಷ್ಟು ಹಣ್ಣುಗಳು ಬಿದ್ದವು ಎಂಬುದನ್ನು ಯಾರೂ ಎಣಿಸುವುದಿಲ್ಲ. ಜ್ಯೋತಿಷಿಯ ನೂರು ಮಾತುಗಳಲ್ಲಿ ಹತ್ತು ಕೂಡಿಬಂದರೆ ಆ ಹತ್ತು ಮನೆಮನೆಯ ಕಥೆಯಾಗುತ್ತವೆ. ಉಳಿದ ತೊಂಬತ್ತು ಕಸದೊಡನೆ ಗುಡಿಸಿಹೋಗುತ್ತವೆ.

ಮೂರನೆಯದಾಗಿ, ಸೋಲನ್ನು ಒಪ್ಪದಂತೆ ಕಟ್ಟಿದ ಕೋಟೆ ಇದು. 1962ರ ಫೆಬ್ರವರಿ ಮೊದಲ ವಾರದಲ್ಲಿ ಮಕರ ರಾಶಿಯಲ್ಲಿ ಎಂಟು ಗ್ರಹಗಳು ಕೂಡುವುವೆಂದೂ, ಈ ಅಷ್ಟಗ್ರಹಕೂಟದಿಂದ ಲೋಕಕ್ಕೆ ಮಹಾವಿಪತ್ತು ಬರುವುದೆಂದೂ ದೇಶದ ತುಂಬ ಸುದ್ದಿ ಹಬ್ಬಿತು. ಊರೂರುಗಳಲ್ಲಿ ಹೋಮಹವನಗಳು ನಡೆದವು; ಅನೇಕರು ಪ್ರಯಾಣವನ್ನು ನಿಲ್ಲಿಸಿದರು, ಶುಭಕಾರ್ಯಗಳನ್ನು ಮುಂದೂಡಿದರು. ದಿನಗಳು ಬಂದವು, ಹೋದವು. ಲೋಕ ಇದ್ದಂತೆಯೇ ಇದ್ದಿತು. ಆದರೆ ಇದರಿಂದ ನಂಬಿಕೆಗೆ ಕುಂದು ಬರಲಿಲ್ಲ. ಹೋಮಗಳ ಫಲದಿಂದ ಗಂಡಾಂತರ ತಪ್ಪಿತೆಂದು ಸಮಾಧಾನ ಹೇಳಲಾಯಿತು. ವಿಪತ್ತು ಬಂದಿದ್ದರೆ ಶಾಸ್ತ್ರ ನಿಜ. ಬಾರದಿದ್ದರೆ ಶಾಂತಿ ನಿಜ! ಹೇಗೆ ಆದರೂ ಗೆಲ್ಲುವ ಮಾತು ನಿಜವಾಗಿ ಏನನ್ನೂ ಹೇಳಿದಂತಾಗುವುದಿಲ್ಲ. ತಪ್ಪೆಂದು ಸಾಬೀತಾಗಬಲ್ಲ ಮಾತನ್ನು ಮಾತ್ರ ಪರೀಕ್ಷಿಸಬಹುದು; ಪರೀಕ್ಷೆಗೆ ನಿಲ್ಲಬಲ್ಲ ಮಾತಿಗೆ ಮಾತ್ರ ಬೆಲೆ.

ಪರೀಕ್ಷೆಗಳು ನಡೆಯದೆಯೂ ಇಲ್ಲ. ಖಗೋಳವಿಜ್ಞಾನಿ ಜಯಂತ ನಾರಳೀಕರರೂ ಅವರ ಸಂಗಡಿಗರೂ 2008ರಲ್ಲಿ ಪುಣೆಯಲ್ಲಿ ನಡೆಸಿದ ಪರೀಕ್ಷೆ ಸರಳವಾದುದು, ನ್ಯಾಯವಾದುದು. ಓದಿನಲ್ಲಿ ಮುಂದಿದ್ದ 100 ಮಕ್ಕಳ ಮತ್ತು ಬುದ್ಧಿಮಾಂದ್ಯವುಳ್ಳ 100 ಮಕ್ಕಳ ಜಾತಕಗಳನ್ನು ಅವರು ಸಿದ್ಧಪಡಿಸಿ ಬೆರೆಸಿದರು. ಒಬ್ಬೊಬ್ಬ ಜ್ಯೋತಿಷಿಗೆ ನಲವತ್ತು ಜಾತಕಗಳನ್ನು ಕೊಟ್ಟು, ಯಾವ ಮಗು ಯಾವ ಗುಂಪಿನದೆಂದು ಹೇಳಬೇಕೆಂದು ಕೇಳಿದರು. ಭಾಗವಹಿಸಲು ಒಪ್ಪಿದ 51 ಜ್ಯೋತಿಷಿಗಳಲ್ಲಿ 27 ಮಂದಿ ಉತ್ತರ ಕಳುಹಿಸಿದರು. ಅವರ ಉತ್ತರಗಳಲ್ಲಿ ಸರಿಯಾದುವು ಶೇಕಡ 46. ಒಂದು ಜ್ಯೋತಿಷ ಸಂಸ್ಥೆ ಇನ್ನೂರು ಜಾತಕಗಳನ್ನೂ ಪರಿಶೀಲಿಸಿ 102ನ್ನು ಸರಿಯಾಗಿ ಹೇಳಿತು. ನಾಣ್ಯವನ್ನು ಮೇಲೆ ಚಿಮ್ಮಿ ನೋಡಿದ್ದರೂ ಇಷ್ಟೇ ಸರಿಯಾಗುತ್ತಿತ್ತು. ಮಗುವಿನ ಬಾಳಿನಲ್ಲಿ ಬುದ್ಧಿಶಕ್ತಿಗಿಂತ ದೊಡ್ಡ ಸಂಗತಿಗಳು ಹೆಚ್ಚಿಲ್ಲ. ಅದನ್ನೇ ಕಾಣಿಸದ ಕುಂಡಲಿ ಮಿಕ್ಕ ಸಣ್ಣ ಸಂಗತಿಗಳನ್ನು ಕಾಣಿಸುವುದೆಂದು ನಂಬುವುದು ಹೇಗೆ?

ಜ್ಯೋತಿಷಿಯಿಂದ ಜನರಿಗೆ ಸಮಾಧಾನ ದೊರೆಯುವುದಿಲ್ಲವೇ ಎಂದು ಕೇಳುವವರುಂಟು. ದೊರೆಯುತ್ತದೆ. ಬೆಳೆ ಹೋದವನಿಗೆ, ಕೆಲಸ ಸಿಕ್ಕದವನಿಗೆ, ಮಕ್ಕಳ ಕಾಯಿಲೆಯಿಂದ ಕಂಗಾಲಾದವನಿಗೆ ‘ಇನ್ನಾರು ತಿಂಗಳು ತಾಳು, ಶನಿ ಬಿಡುತ್ತಾನೆ’ ಎಂಬ ಮಾತು ಒಂದು ಊರುಗೋಲು. ಸಜ್ಜನರಾದ ಜ್ಯೋತಿಷಿಗಳು ನೊಂದವರ ಮಾತನ್ನು ಸಹನೆಯಿಂದ ಕೇಳಿ ಧೈರ್ಯ ಹೇಳುವುದೂ ಉಂಟು. ಆದರೆ ಆ ಸಮಾಧಾನ ಬರುವುದು ಗ್ರಹದಿಂದಲ್ಲ, ಕೇಳಿಸಿಕೊಂಡ ಮನುಷ್ಯನಿಂದ. ಅಲ್ಲದೆ ಭರವಸೆ ಕೊಡುವ ಬಾಯಿಗೆ ಭಯ ಕೊಡುವ ಅಧಿಕಾರವೂ ಬಂದುಬಿಡುತ್ತದೆ. ಆ ಭಯದ ಬೆಲೆಯನ್ನು ಯಾರು ತೆರುತ್ತಾರೆಂಬುದೇ ಈ ವಿಚಾರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ.

ಮದುವೆಯ ಮಾತುಕತೆಯಲ್ಲಿ ಈ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿ ಕಾಣುತ್ತದೆ. ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹೆಣ್ಣಿನಿಂದ ಮಾವನಿಗೆ ಕೇಡು, ಆಶ್ಲೇಷಾದವಳಿಂದ ಅತ್ತೆಗೆ ಕೇಡು, ಜ್ಯೇಷ್ಠಾದವಳಿಂದ ಭಾವನಿಗೆ, ವಿಶಾಖಾದವಳಿಂದ ಮೈದುನನಿಗೆ ಕೇಡು ಎಂದು ಹೇಳುತ್ತಾರೆ. ನಕ್ಷತ್ರಗಳು ಒಟ್ಟು 27. ಪಾದಗಳ ವಿನಾಯಿತಿಯನ್ನು ಬದಿಗಿಟ್ಟು ಲೆಕ್ಕಹಾಕಿದರೆ ಸುಮಾರು ಏಳು ಹೆಣ್ಣುಮಕ್ಕಳಲ್ಲಿ ಒಬ್ಬಳು ಹುಟ್ಟಿನಿಂದಲೇ ಅಪರಾಧಿ. ಚಂದ್ರನು ಒಂದು ನಕ್ಷತ್ರವನ್ನು ದಾಟಲು ಸುಮಾರು ಒಂದು ದಿನ ಬೇಕು. ಭಾರತದಲ್ಲಿ ಒಂದು ದಿನಕ್ಕೆ ಅರವತ್ತು ಸಾವಿರದಷ್ಟು ಶಿಶುಗಳು ಹುಟ್ಟುತ್ತವೆ. ಚಂದ್ರನು ಮೂಲೆಯಲ್ಲಿರುವ ಒಂದು ದಿನ ಹುಟ್ಟಿದ ಹೆಣ್ಣುಮಕ್ಕಳೆಲ್ಲರ ಮಾವಂದಿರೂ ಒಟ್ಟಿಗೆ ಅಲ್ಪಾಯುಷಿಗಳಾಗುವುದನ್ನು ಯಾರೂ ಕಂಡಿಲ್ಲ. ಅದೇ ದಿನ ಹುಟ್ಟಿದ ಗಂಡುಮಕ್ಕಳ ಮಾವಂದಿರ ಆಯುಷ್ಯವನ್ನಂತೂ ಯಾರೂ ವಿಚಾರಿಸುವುದೇ ಇಲ್ಲ! ನವರಾತ್ರಿಯಲ್ಲಿ ಸರಸ್ವತಿಯನ್ನು ಆವಾಹಿಸುವುದು ಇದೇ ಮೂಲಾ ನಕ್ಷತ್ರದಂದು. ವಿದ್ಯಾದೇವತೆಯನ್ನು ಮನೆಗೆ ಕರೆಯಲು ಒಳ್ಳೆಯದಾದ ನಕ್ಷತ್ರ ಸೊಸೆಯನ್ನು ಕರೆಯಲು ಕೆಟ್ಟದಾಯಿತು.

ಕುಜದೋಷದ ಲೆಕ್ಕ ಇನ್ನೂ ವಿಚಿತ್ರವಾದುದು. ಲಗ್ನದಿಂದ ಎಣಿಸಿ ಒಂದು, ಎರಡು, ನಾಲ್ಕು, ಏಳು, ಎಂಟು, ಹನ್ನೆರಡು ಈ ಮನೆಗಳಲ್ಲಿ ಕುಜನಿದ್ದರೆ ದೋಷವೆನ್ನುತ್ತಾರೆ. ಕೆಲವರು ಇವುಗಳಲ್ಲಿ ಒಂದನ್ನು ಬಿಡುತ್ತಾರೆ. ಹನ್ನೆರಡು ಮನೆಗಳಲ್ಲಿ ಆರು ದೋಷದ ಮನೆಗಳಾದರೆ ಮನುಕುಲದ ಅರ್ಧಕ್ಕೆ ಕುಜದೋಷವಿದ್ದಂತಾಯಿತು. ಚಂದ್ರನಿಂದಲೂ ಶುಕ್ರನಿಂದಲೂ ಎಣಿಸಬೇಕೆನ್ನುವವರ ಮಾತನ್ನು ಒಪ್ಪಿದರೆ, ಸ್ಥೂಲವಾಗಿ ಎಂಟು ಮಂದಿಯಲ್ಲಿ ಏಳು ಮಂದಿ ದೋಷಿಗಳೇ. ಹೀಗೆ ಎಲ್ಲರಿಗೂ ಇರುವ ದೋಷಕ್ಕೆ ಪರಿಹಾರಗಳ ಪಟ್ಟಿಯೂ ಅಷ್ಟೇ ಉದ್ದವಾಗಿರಬೇಕಾದುದು ಅನಿವಾರ್ಯ. ಹಣವುಳ್ಳವರ ಮನೆಯಲ್ಲಿ ಶಾಂತಿಹೋಮವಾಗಿ ದೋಷ ಕಳೆಯುತ್ತದೆ. ಬಡವರ ಮನೆಯಲ್ಲಿ ಮಗಳ ವಯಸ್ಸು ಕಳೆಯುತ್ತದೆ.

ಜಾತಕವನ್ನು ಆಗ್ರಹದಿಂದ ಕೇಳುವವರು ಅದನ್ನು ನಿಜವಾಗಿ ಎಷ್ಟು ನಂಬುತ್ತಾರೆಂಬುದೂ ವಿಚಾರಾರ್ಹ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯಂತೆ, ಹುಟ್ಟಿದ ಗಳಿಗೆಯನ್ನು ಹಿಂದುಮುಂದು ಮಾಡಿ ಜಾತಕ ತಿದ್ದಿಸುವುದು ಹೊಸ ಸಂಗತಿಯಲ್ಲ. ತಿದ್ದಿದ ಜಾತಕಗಳು ಕೂಡಿ ನಡೆದ ಮದುವೆಗಳು ಸುಖವಾಗಿ ಸಾಗಿದ್ದರೆ ಆ ಕೀರ್ತಿ ಯಾವ ಗ್ರಹಕ್ಕೆ? ಸಂಬಂಧ ಬೇಡವಾದಾಗಲೂ ಜಾತಕವೇ ನೆರವಿಗೆ ಬರುತ್ತದೆ. ವರದಕ್ಷಿಣೆ ಸಾಲದಾಯಿತೆಂದಾಗಲಿ, ಹುಡುಗಿಯ ಬಣ್ಣ ಒಪ್ಪಿಗೆಯಾಗಲಿಲ್ಲವೆಂದಾಗಲಿ ಬಾಯಿಬಿಟ್ಟು ಹೇಳಲು ಸಂಕೋಚ. ‘ಜಾತಕ ಕೂಡಿಬರಲಿಲ್ಲ’ ಎಂದರೆ ಯಾರ ಮನಸ್ಸೂ ನೋಯುವುದಿಲ್ಲವೆಂಬ ಎಣಿಕೆ. ಮನುಷ್ಯರು ತಾವು ಹೊರಬೇಕಾದ ಹೊಣೆಯನ್ನು ನಕ್ಷತ್ರದ ಹೆಗಲಿಗೆ ದಾಟಿಸುತ್ತಾರೆ. ಆದರೆ ಮತ್ತೆ ಮತ್ತೆ ಅದೇ ಮಾತನ್ನು ಕೇಳುವ ಹುಡುಗಿ, ತನ್ನಲ್ಲಿಯೇ ಏನೋ ಕೊರತೆಯಿದೆಯೆಂದು ಕ್ರಮೇಣ ನಂಬತೊಡಗುತ್ತಾಳೆ. ಜಾತಕದ ಲೆಕ್ಕದಲ್ಲಿ ಯಾರೂ ಬರೆದಿಡದ ನಷ್ಟ ಇದು.

ಹನ್ನೆರಡನೆಯ ಶತಮಾನದ ಮಹಾಗಣಿತಜ್ಞ ಭಾಸ್ಕರಾಚಾರ್ಯನ ಹೆಸರಿಗೆ ಅಂಟಿಕೊಂಡ ಒಂದು ಕಥೆಯಿದೆ. ಮಗಳು ಲೀಲಾವತಿಯ ಮದುವೆಗೆ ಒಂದೇ ಒಂದು ಶುಭಗಳಿಗೆಯಿದೆಯೆಂದು ತಿಳಿದು ಅವನು ಗಳಿಗೆಬಟ್ಟಲನ್ನು ನೀರಿನಲ್ಲಿಟ್ಟನಂತೆ. ಕುತೂಹಲದಿಂದ ಬಾಗಿ ನೋಡಿದ ಅವಳ ಆಭರಣದ ಮುತ್ತೊಂದು ಬಟ್ಟಲಿನ ರಂಧ್ರಕ್ಕೆ ಬಿದ್ದು ಮುಹೂರ್ತ ಮೀರಿಹೋಯಿತಂತೆ. ಮಗಳ ದುಃಖವನ್ನು ಮರೆಸಲು ತಂದೆ ಅವಳ ಹೆಸರಿನಲ್ಲಿ ಗಣಿತಗ್ರಂಥವನ್ನು ರಚಿಸಿದನಂತೆ. ಈ ಕಥೆ ಭಾಸ್ಕರನ ಗ್ರಂಥದಲ್ಲಿಲ್ಲ. 1587ರಲ್ಲಿ ಫೈಜಿ ಮಾಡಿದ ಪಾರಸಿ ಅನುವಾದದೊಡನೆ ಪ್ರಚಾರಕ್ಕೆ ಬಂದಿತು. ನಿಜವಲ್ಲದಿದ್ದರೂ ಕಥೆ ಒಂದು ನಿಜವನ್ನು ಹೇಳುತ್ತದೆ. ಅದರಲ್ಲಿ ಮುಹೂರ್ತಕ್ಕಾಗಿ ಬಾಳನ್ನು ಕಳೆದುಕೊಂಡವಳು ಹೆಣ್ಣುಮಗಳು. ಅವಳನ್ನು ಕೈಹಿಡಿದುದು ಜಾತಕವಲ್ಲ, ಗಣಿತ.

ಕುಜನೆಂದರೆ ಮಂಗಳಗ್ರಹ. ಭಾರತವು 2013ರ ನವೆಂಬರ್ 5ರಂದು ಹಾರಿಸಿದ ಮಂಗಳಯಾನವು 2014ರ ಸೆಪ್ಟೆಂಬರ್ 24ರಂದು ಆ ಗ್ರಹದ ಕಕ್ಷೆಯನ್ನು ಸೇರಿತು. ಏಳು ವರ್ಷಗಳಿಗೂ ಹೆಚ್ಚು ಕಾಲ ಅದನ್ನು ಸುತ್ತಿತು. ಅದಕ್ಕೆ ಆಜ್ಞೆಗಳನ್ನು ಕಳುಹಿಸುತ್ತಿದ್ದ ಕೇಂದ್ರ ಬೆಂಗಳೂರಿನಲ್ಲಿದೆ. ಆ ಕೆಲಸದಲ್ಲಿ ಮಹಿಳಾ ವಿಜ್ಞಾನಿಗಳೂ ದುಡಿದರು. ಕುಜನನ್ನು ಮುಟ್ಟಿ ಚಿತ್ರ ತೆಗೆದ ದೇಶದಲ್ಲಿ ಕುಜನ ಹೆಸರಿನಿಂದ ಹೆಣ್ಣುಮಕ್ಕಳ ಬಾಗಿಲು ಮುಚ್ಚುವುದು ಇನ್ನೂ ನಿಂತಿಲ್ಲ. ಯಂತ್ರವನ್ನು ಆಕಾಶಕ್ಕೆ ಕಳುಹಿಸಿದಷ್ಟು ಸುಲಭವಾಗಿ ವಿಚಾರವನ್ನು ಮನೆಯೊಳಗೆ ತರಲಾಗುವುದಿಲ್ಲ. ಹಿಂದೆ ಕೈಯಿಂದ ನಡೆಯುತ್ತಿದ್ದ ಗುಣಕೂಟದ ಲೆಕ್ಕವನ್ನು ಈಗ ಕಂಪ್ಯೂಟರು ಕ್ಷಣದಲ್ಲಿ ಮಾಡುತ್ತದೆ. ಯಂತ್ರ ಹೊಸದಾಯಿತು, ಅದರೊಳಗೆ ಹಾಕಿದ ಭಯ ಹಳೆಯದೇ ಉಳಿಯಿತು.

ಇದಕ್ಕೆ ಪರಿಹಾರವೇನು? ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಒಂದು ಸಮಿತಿಯನ್ನು ರಚಿಸಿದರು. ನಂಬಬೇಡಿರೆಂದು ಗದರಿಸುವುದು ಅದರ ಉದ್ದೇಶವಾಗಿರಲಿಲ್ಲ. ಪರೀಕ್ಷಿಸಿ ನೋಡೋಣವೆಂಬುದು ಅದರ ಮಾರ್ಗವಾಗಿತ್ತು. ಆ ಮಾರ್ಗದಲ್ಲಿ ನಡೆಯಲು ಯಾವ ಉಪಕರಣವೂ ಬೇಡ. ವರ್ಷದ ಮೊದಲ ದಿನ ಕೇಳಿದ ಭವಿಷ್ಯವನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ವರ್ಷದ ಕೊನೆಗೆ ಆದುದೆಷ್ಟು, ಆಗದುದೆಷ್ಟು ಎಂದು ಎರಡನ್ನೂ ಎಣಿಸಿದರೆ ಸಾಕು. ನೆನಪು ಪಕ್ಷಪಾತ ಮಾಡಬಹುದು, ಹಾಳೆ ಮಾಡುವುದಿಲ್ಲ.

1976ರ ತಿದ್ದುಪಡಿಯಿಂದ ಭಾರತದ ಸಂವಿಧಾನದಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದೂ ಒಂದು. ಅದೇ ವಾಕ್ಯದಲ್ಲಿ ಮಾನವೀಯತೆಯ ಮಾತೂ ಇದೆ. ಇವೆರಡನ್ನೂ ಜೊತೆಗಿಟ್ಟುದು ಅರ್ಥಪೂರ್ಣವಾಗಿದೆ. ಹುಡುಗನಿಗೆ ದುಡಿಯುವ ಮನಸ್ಸಿದೆಯೇ, ದುಶ್ಚಟಗಳಿವೆಯೇ, ಇಬ್ಬರ ಆರೋಗ್ಯ ಹೇಗಿದೆ, ಒಬ್ಬರನ್ನೊಬ್ಬರು ಮನಸಾರೆ ಒಪ್ಪಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಆಕಾಶದಲ್ಲಿಲ್ಲ. ನೆಲದ ಮೇಲೆ, ಆ ಇಬ್ಬರ ಬಳಿಯಲ್ಲಿಯೇ ಇದೆ. ಅವರನ್ನು ಕೇಳುವ ಧೈರ್ಯ ಹಿರಿಯರಿಗೂ, ಹೇಳುವ ಧೈರ್ಯ ಕಿರಿಯರಿಗೂ ಬಂದ ದಿನ ಕುಂಡಲಿಯ ಹನ್ನೆರಡು ಮನೆಗಳಿಗಿಂತ ಮನುಷ್ಯರು ಬಾಳುವ ಒಂದು ಮನೆ ದೊಡ್ಡದಾಗಿ ಕಾಣುವುದು.